ಹೊಸದುರ್ಗದ ಆದರ್ಶ ತಂದೆ

ಆ ದಿನ ಬೆಳಿಗ್ಗೆ ಮಲ್ಲಕ್ಕ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಳ್ಳದೇ ಹೋಗಿದ್ದರೆ ಅವಳ ಗಂಡ ತಿಪ್ಪೇರುದ್ರಪ್ಪ ಇವತ್ತಿಗೂ ಹೊಸದುರ್ಗದ ಪೇಟೆಯಲ್ಲಿ ತಲೆಯೆತ್ತಿಕೊಂಡು ಓಡಾಡುತ್ತಿದ್ದ. ಆದರೆ ಉಳುಕುವ ಕಾಲು ಯಾರ ಅನುಕೂಲವನ್ನೂ ಕೇಳುವುದಿಲ್ಲ. ಮಗಳಿಗೆ ಎರೆಯಲೆಂದು ಹಂಡೆಯಿಂದ ನೀರು ತೋಡುತ್ತಿದ್ದ ಮಲ್ಲಕ್ಕ 'ಅಯ್ಯಯ್ಯಪ್ಪಾ' ಎಂದಳು. ತಂಬಿಗೆ ಒಂದು ಕಡೆ ಉರುಳಿತು, ಮಲ್ಲಕ್ಕ ಇನ್ನೊಂದು ಕಡೆ ಕುಸಿದಳು. ನೋಡನೋಡುತ್ತ ಅವಳ ಪಾದ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತು.

ಬೇರೆ ದಿನವಾಗಿದ್ದರೆ ಅರಿಶಿನ ಸುಣ್ಣದ ಪಟ್ಟು ಹಾಕಿಕೊಂಡು ಮಲಗಿಬಿಡುತ್ತಿದ್ದಳು. ಆದರೆ ಆ ದಿನ ಊರಿನ ಶಾಲೆಯಲ್ಲಿ ಆರೋಗ್ಯವಂತ ಶಿಶು ಸ್ಪರ್ಧೆ. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಮಹಿಳಾ ಸಮಾಜದವರನ್ನು ಜೊತೆ ಮಾಡಿಕೊಂಡು ಏರ್ಪಡಿಸಿದ್ದ ಸ್ಪರ್ಧೆ. ವಾರದಿಂದ ಗಾಡಿಗೆ ಮೈಕು ಕಟ್ಟಿಕೊಂಡು ಬೀದಿಬೀದಿಯಲ್ಲಿ ಸಾರಿಸಿದ್ದರು. ಮಲ್ಲಕ್ಕ ತನ್ನ ಹತ್ತು ತಿಂಗಳ ಮಗಳು ಗಂಗಿಯನ್ನು ಕುಸ್ತಿಗೆ ಪೈಲ್ವಾನನನ್ನು ತಯಾರು ಮಾಡಿದಂತೆ ತಯಾರು ಮಾಡಿದ್ದಳು. ಮೊಳಕೆ ಕಟ್ಟಿದ ರಾಗಿಯ ಸರಿ, ಬೇಯಿಸಿ ಹಿಸುಕಿದ ಬೇಳೆ, ಕುದಿಸಿ ಆರಿಸಿದ ನೀರು, ಹೊತ್ತುಹೊತ್ತಿಗೆ ನಿದ್ದೆ. ಡಾಕ್ಟರಮ್ಮ ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

"ನೀವೇ ಎತ್ಕಂಡು ಹೋಗ್ರಿ," ಎಂದಳು ಮಂಚದ ಮೇಲಿಂದ.

"ನಾನಾ?" ತಿಪ್ಪೇರುದ್ರಪ್ಪ ಹಿಂದೆ ಇನ್ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ. "ಇವತ್ತು ಸಂತೆ ಕಣೇ. ಅಂಗಡಿ ತೆಗೀಬೇಕು. ಅದೂ ಅಲ್ದೆ ಅಲ್ಲಿ ಬರೇ ಹೆಂಗಸ್ರು ಇರ್ತಾರೆ."

"ಸ್ಪರ್ಧೆ ಇರೋದು ಕೂಸಿಗೆ, ನಿಮಗಲ್ಲ. ಎತ್ಕಂಡು ನಿಂತ್ಕಂಡ್ರೆ ಸಾಕು. ಅಷ್ಟೂ ಆಗಲ್ಲ ಅಂದ್ರೆ ಹೇಳ್ರಿ, ಕುಂಟ್ಕಂಡು ನಾನೇ ಹೋಗ್ತೀನಿ."

ಹೀಗೆ ಹೇಳಿ ಅವಳು ನಿಜವಾಗಿಯೂ ಕಾಲು ಕೆಳಗಿಡಲು ಹೋಗಿ ಕಿರುಚಿಕೊಂಡಳು. ತಿಪ್ಪೇರುದ್ರಪ್ಪ ಮಗಳನ್ನು ಎತ್ತಿಕೊಂಡ.

ಅವನಿಗೆ ಪೇಟೆ ಬೀದಿಯಲ್ಲಿ ಕಂಬಳಿ ಅಂಗಡಿ. ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಸವರಿದರೆ ಸಾಕು, ಇದು ಯಾವ ಊರಿನ ಮಗ್ಗದ್ದು, ಉಣ್ಣೆ ಯಾವ ಕಾಲದಲ್ಲಿ ಕತ್ತರಿಸಿದ್ದು ಎಂದು ಹೇಳಿಬಿಡುತ್ತಿದ್ದ. ಮಗಳ ವಿಷಯದಲ್ಲಿ ಮಾತ್ರ ಅವನ ತಿಳಿವಳಿಕೆ ಅಷ್ಟಕ್ಕಷ್ಟೇ. ಅವನು ಅಂಗಡಿಗೆ ಹೊರಡುವಾಗ ಅವಳು ಎದ್ದಿರುತ್ತಿರಲಿಲ್ಲ; ಬಾಗಿಲು ಹಾಕಿ ಬರುವಾಗ ಮಲಗಿರುತ್ತಿದ್ದಳು. ಅವನು ಕಂಡಿದ್ದ ಗಂಗಿ ಎಂದರೆ ಬಹುಮಟ್ಟಿಗೆ ಕಂಬಳಿಯೊಳಗಿನ ಒಂದು ಉಬ್ಬು. ಪ್ರೀತಿ ಇರಲಿಲ್ಲವೆಂದಲ್ಲ. ಆ ಉಬ್ಬನ್ನು ಮೆತ್ತಗೆ ತಟ್ಟದೆ ಅವನು ಒಂದು ದಿನವೂ ಮಲಗಿದವನಲ್ಲ.

ಹೊಸ್ತಿಲು ದಾಟುವ ಮೊದಲೇ ಪಕ್ಕದ ಮನೆಯ ಕೊಟ್ರಮ್ಮ ಅಡ್ಡ ಬಂದಳು. ಆ ಬೀದಿಯ ಅರ್ಧ ಮಕ್ಕಳ ಬಾಣಂತನ ಮಾಡಿದ ಮುದುಕಿ. ಕೈಯಲ್ಲಿ ಕಾಡಿಗೆ ಬಟ್ಟಲು.

"ಏನಪ್ಪ ತಿಪ್ಪೇರುದ್ರ, ಹಿಂಗೇ ಬೋಳುಬೋಳಾಗಿ ಎತ್ಕಂಡು ಹೋಗ್ತಿದೀಯಲ್ಲ! ಊರಿನ ಕಣ್ಣೆಲ್ಲ ಅಲ್ಲೇ ಇರ್ತಾವೆ," ಎಂದು ಗಂಗಿಯ ಹಣೆಗೊಂದು, ಕೆನ್ನೆಗೊಂದು, ಗಲ್ಲಕ್ಕೊಂದು, ಎರಡೂ ಅಂಗಾಲಿಗೆ ಒಂದೊಂದು ದೃಷ್ಟಿಬೊಟ್ಟು ಇಟ್ಟಳು. ಕೈ ಹದಕ್ಕೆ ಬಂದಿತ್ತೋ ಏನೋ, ತಿಪ್ಪೇರುದ್ರಪ್ಪನ ಕೆನ್ನೆಗೂ ಒಂದು ಒತ್ತಿದಳು.

ಎದುರು ಮನೆಯ ಪರಮೇಶ್ವರಪ್ಪ ಜಗುಲಿಯಿಂದಲೇ ಕೂಗಿದ. ಕಂದಾಯ ಇಲಾಖೆಯಲ್ಲಿ ಶೇಕದಾರಿಕೆ ಮಾಡಿ ರಿಟೈರಾದವನು. ತನ್ನ ಮನೆಯ ವಿಚಾರ ಒಂದನ್ನು ಬಿಟ್ಟು ಬೀದಿಯ ಎಲ್ಲರ ವಿಚಾರವೂ ಅವನಿಗೆ ಬೇಕು.

"ಲೇ ತಿಪ್ಪೇರುದ್ರ, ಅಲ್ಲಿ ತಕ್ಕಡಿ ಇಟ್ಟವ್ರೆ. ತೂಕ ಕಣೋ ಮುಖ್ಯ. ಕೂಸು ಒಳಗೆ ಹೋಗಾಕೆ ಮುಂಚೆ ಹಾಲು ಕುಡಿಸಿಬಿಡು, ಹೊಟ್ಟೆ ತಮಟೆ ಆಗಬೇಕು. ಸರ್ಕಾರದ ಲೆಕ್ಕದಾಗೆ ಒಳಗಿದ್ದಿದ್ದು ಹೊರಗಿದ್ದಿದ್ದು ಎಲ್ಲಾ ಒಂದೇ."

ಮಲ್ಲಕ್ಕ ಒಳಗಿಂದ "ಬ್ಯಾಡ್ರಿ, ಈಗ ತಾನೇ ಸರಿ ತಿಂದೈತೆ" ಎನ್ನುತ್ತಿದ್ದಂತೆಯೇ ಪರಮೇಶ್ವರಪ್ಪನ ಮನೆಯಿಂದ ದೊಡ್ಡ ಬಟ್ಟಲು ಹಾಲು ಬಂತು. ಗಂಗಿ ಪಾಪ, ಕೊಟ್ಟಷ್ಟನ್ನೂ ಕುಡಿದಳು. ತಂದೆಯ ಹಾಗೆಯೇ ಅವಳಿಗೂ ಯಾರಿಗೂ ಇಲ್ಲ ಎನ್ನುವ ಸ್ವಭಾವವಿರಲಿಲ್ಲ.

ಕಂಬಳಿ ಕಟ್ಟು ಹೊತ್ತ ಅಭ್ಯಾಸದಲ್ಲಿ ತಿಪ್ಪೇರುದ್ರಪ್ಪ ಮಗಳನ್ನು ಹೆಗಲ ಮೇಲೆ ಅಡ್ಡ ಹಾಕಿಕೊಂಡು ಹೊರಟ. ದಾರಿಯುದ್ದಕ್ಕೂ ಸಲಹೆ. ಒಬ್ಬರು ತಲೆಗೆ ಬಿಸಿಲು ಬೀಳುತ್ತದೆ ಎಂದರು. ಇನ್ನೊಬ್ಬರು ಟವಲು ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದರು. ಮುಚ್ಚಿ, ತೆಗೆದು, ಮುಚ್ಚಿ, ತೆಗೆದು ಶಾಲೆ ತಲುಪುವ ಹೊತ್ತಿಗೆ ಟವಲು ಅವನ ತಲೆಯ ಮೇಲೇ ಇತ್ತು.

ಶಾಲೆಯ ಗೋಡೆಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಚಿತ್ರ ಅಂಟಿಸಿದ್ದರು. ಅದರ ಕೆಳಗೆ ಹೆಂಗಸರ ಸಾಲು, ಪ್ರತಿಯೊಬ್ಬಳ ಸೊಂಟದ ಮೇಲೂ ಒಂದು ಕೂಸು. ಸಾಲಿನಲ್ಲಿ ಮೀಸೆ ಇದ್ದದ್ದು ತಿಪ್ಪೇರುದ್ರಪ್ಪನಿಗೊಬ್ಬನಿಗೇ. ಅವನು ನಿಂತ ಕೂಡಲೇ ಗಂಗಿ ಕಿಟಾರನೆ ಕಿರುಚಲು ಶುರು ಮಾಡಿದಳು.

ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿದಳು. "ಅಣ್ಣ, ಕೂಸನ್ನ ಹಂಗೆ ಹೊತ್ಕತಾರೇನಣ್ಣ? ಸೊಂಟದ ಮ್ಯಾಲೆ ಕುಂದ್ರಿಸ್ಕ. ಅದಕ್ಕೂ ನಾಕು ಜನ ಕಾಣ್ಲಿ." ಅವಳು ಮತ್ತೋಡು ಹಳ್ಳಿಯ ನಿಂಗಕ್ಕ. ಕುರಿ ಮಾರಲು ಸಂತೆಗೆ ಬಂದ ಗಂಡ ಓಬಣ್ಣನ ಜೊತೆ ಬಂದವಳು, ಮೈಕಿನ ಕೂಗು ಕೇಳಿ ಮಗನನ್ನು ಎತ್ತಿಕೊಂಡು ಇತ್ತ ಬಂದಿದ್ದಳು. ಮಗನ ಹೆಸರು ಜಂಬಣ್ಣ. ಗಂಗಿಯ ವಯಸ್ಸೇ, ಗಂಗಿಯ ಗಾತ್ರವೇ. ನಿಂಗಕ್ಕ ಒಂದು ಸೊಂಟದ ಮೇಲೆ ಜಂಬಣ್ಣನನ್ನೂ ಇನ್ನೊಂದು ಸೊಂಟದ ಮೇಲೆ ಗಂಗಿಯನ್ನೂ ಕೂರಿಸಿಕೊಂಡು ಒಂದು ಸುತ್ತು ಹಾಕಿದಳು. ಗಂಗಿ ಸುಮ್ಮನಾದಳು. ತಿಪ್ಪೇರುದ್ರಪ್ಪ ಹಣೆಯ ಬೆವರೊರೆಸಿಕೊಂಡ, ಕೆನ್ನೆಯ ದೃಷ್ಟಿಬೊಟ್ಟು ಮುಖವೆಲ್ಲ ಹರಡಿತು.

ಒಳಗೆ ನರ್ಸ್ ಚಂದ್ರಕ್ಕ ಕೂತಿದ್ದಳು. ಸ್ಪರ್ಧೆಯಲ್ಲಿ ಬಡವ ಬಲ್ಲಿದ ಭೇದ ಕಾಣಬಾರದೆಂದು ಡಾಕ್ಟರಮ್ಮನ ಕಟ್ಟಪ್ಪಣೆ. ಆದ್ದರಿಂದ ಬಂದ ಕೂಸುಗಳ ಬಳೆ, ಗೆಜ್ಜೆ, ಉಡುದಾರ, ತಾಯಿತ ಎಲ್ಲ ಬಿಚ್ಚಿ ಗಂಟು ಕಟ್ಟಿ ಹೆತ್ತವರ ಕೈಗೆ ಕೊಟ್ಟಳು. ಒದ್ದೆ ಬಟ್ಟೆಯಲ್ಲಿ ದೃಷ್ಟಿಬೊಟ್ಟು ಒರೆಸಿದಳು. ತೂಕ ಮಾಡಿ, ಡಾಕ್ಟರಮ್ಮ ಪರೀಕ್ಷೆ ಮಾಡಿದ ಮೇಲೆ ಮಹಿಳಾ ಸಮಾಜದವರು ಹೊಲಿದ ಹೊಸ ಲಂಗೋಟಿ, ಬಿಳಿ ಜುಬ್ಬ, ಬಿಳಿ ಕುಲಾವಿ ಹಾಕಿದಳು.

ಗಂಗಿಯ ತೂಕದ ಹೊತ್ತಿಗೆ ಪರಮೇಶ್ವರಪ್ಪನ ಹಾಲು ತನ್ನ ಕೆಲಸ ಮಾಡಿತು. ತಕ್ಕಡಿಯಲ್ಲಿ ಕೂರಿಸಿದಾಗ ಮುಳ್ಳು ಮೇಲೆ ಹೋಗಿತ್ತು. ಚಂದ್ರಕ್ಕ ಬಗ್ಗಿ ಓದುವಷ್ಟರಲ್ಲಿ ಸೇರು ಲೆಕ್ಕದಲ್ಲಿ ಇಳಿಯಿತು. ಇಳಿದದ್ದೆಲ್ಲ ಚಂದ್ರಕ್ಕನ ಸೀರೆಯ ಮೇಲಿತ್ತು.

"ಇವತ್ತು ಎಷ್ಟು ಹಾಲು ಕುಡಿಸಿದ್ರಿ ಕೂಸಿಗೆ?" ಎಂದಳು ಚಂದ್ರಕ್ಕ ಹಲ್ಲು ಕಚ್ಚಿಕೊಂಡು.

"ಅದು ಎದುರು ಮನೆಯವ್ರದ್ದು," ಎಂದ ತಿಪ್ಪೇರುದ್ರಪ್ಪ, ಹಾಲೋ ಕೂಸೋ ಎಂದು ಬಿಡಿಸಿ ಹೇಳದೆ.

ಪರೀಕ್ಷೆ ಮುಗಿದ ಕೂಸುಗಳನ್ನೆಲ್ಲ ಪಕ್ಕದ ಕೋಣೆಯಲ್ಲಿ ಜಮಖಾನ ಹಾಸಿ ಬಿಟ್ಟರು. ಬಿಳಿ ಜುಬ್ಬ, ಬಿಳಿ ಕುಲಾವಿಯ ಕೂಸುಗಳು ಜಮಖಾನದ ತುಂಬ ಹರಿದಾಡುತ್ತಿದ್ದುದು ನೋಡಿದರೆ ಮಲ್ಲಿಗೆ ಬುಟ್ಟಿ ಉರುಳಿಸಿದ ಹಾಗಿತ್ತು. ತಿಪ್ಪೇರುದ್ರಪ್ಪ ಗಂಗಿಯನ್ನು ಕಿಟಕಿಯ ಕೆಳಗೆ ಕೂರಿಸಿ, 'ಇಲ್ಲೇ ಇರು' ಎಂದು ಹೇಳಿ ಬಂದ. ದೊಡ್ಡವರಿಗೆ ಹೇಳುವ ಹಾಗೆ ಹೇಳಿದ್ದ.

ಹೆತ್ತವರನ್ನು ಹೊರಗಿನ ಜಗುಲಿಗೆ ಕರೆದರು. ಅಲ್ಲಿ ಡಾಕ್ಟರಮ್ಮ ಮೈಕಿನ ಮುಂದೆ ನಿಂತು, ಸೀಮೆಎಣ್ಣೆ ಬಾಟಲಿಯನ್ನು ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿಡಿ, ಕಿವಿ ಮೂಗಿಗೆ ಎಣ್ಣೆ ಬಿಡಬೇಡಿ, ಹೊಟ್ಟೆ ಕೆಟ್ಟಾಗ ನೀರು ನಿಲ್ಲಿಸಬೇಡಿ, ನೀರೇ ಔಷಧಿ ಎಂದು ಹೇಳುತ್ತಿದ್ದಳು. ಮಾತು ಮುಗಿಸಿ, "ಈಗ ಒಬ್ಬೊಬ್ಬರೇ ಬನ್ನಿ. ನಿಮ್ಮ ಮಗುವನ್ನು ಹೇಗೆ ನೋಡಿಕೊಳ್ತೀರಿ ಅಂತ ಹೇಳಿ. ಊರೆಲ್ಲ ಕೇಳಿ ಕಲಿಯಲಿ," ಎಂದಳು.

ಹೆಂಗಸರು ಮೈಕು ಕಂಡು ನಾಚಿ ನೀರಾದರು. ಮನೆಯಲ್ಲಿ ಓಣಿಗೆಲ್ಲ ಕೇಳುವಂತೆ ಮಾತಾಡುವವರೂ ಸೆರಗು ಬಾಯಿಗಿಟ್ಟುಕೊಂಡು ಗೊಣಗಿದರು. ನಿಂಗಕ್ಕ, "ನಾವು ತಿನ್ನಾದೇ ಕೊಡ್ತೀನವ್ವ, ಒಸಿ ಮೆತ್ತಗೆ ಮಾಡಿ," ಎಂದು ಒಂದೇ ಮಾತಿಗೆ ಮುಗಿಸಿ, ಗಂಡನಿಗೆ ಹೇಳಿ ಬರುತ್ತೇನೆಂದು ಸಂತೆಯ ಕಡೆ ಓಡಿದಳು. ಆಮೇಲೆ ತಿಪ್ಪೇರುದ್ರಪ್ಪನ ಸರದಿ.

"ಮಗುವಿಗೆ ಸ್ನಾನ ಯಾರು ಮಾಡಿಸೋದು?" ಎಂದು ಕೇಳಿದಳು ಡಾಕ್ಟರಮ್ಮ.

ಇಲ್ಲಿ ಅವನ ವ್ಯಾಪಾರದ ಗುಣ ಕೈಕೊಟ್ಟಿತು. ಗಿರಾಕಿ ಎದುರಿಗೆ ನಿಂತು ಕೇಳಿದರೆ ಅವನ ಬಾಯಲ್ಲಿ ಇಲ್ಲ ಎಂಬ ಮಾತು ಹುಟ್ಟುತ್ತಿರಲಿಲ್ಲ. ಚಳ್ಳಕೆರೆ ಕಂಬಳಿ ಐತಾ ಎಂದರೆ ಐತೆ. ಬಣ್ಣ ಬಿಡಲ್ಲವಾ ಎಂದರೆ ಬಿಡಲ್ಲ. ಮಳೆ ತಡೀತದಾ ಎಂದರೆ ಕೆರೆ ಒಡೆದರೂ ತಡೀತದೆ.

"ನಾನೇ," ಎಂದ.

ಹೆಂಗಸರ ಸಾಲು ಒಮ್ಮೆಗೇ ತಿರುಗಿತು. ಡಾಕ್ಟರಮ್ಮನ ಕಣ್ಣರಳಿತು. "ನೀವೇ ಮಾಡಿಸ್ತೀರಾ? ಊಟ?"

"ಅದೂ ನಾನೇ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಸೋಸಿ ಸರಿ ಮಾಡ್ತೀನಿ."

"ಲಂಗೋಟಿ ಒಗೆಯೋದು?"

"ಬಿಸಿನೀರಾಗೆ ಅದ್ದಿ ಒಗ್ದು ಬಿಸಿಲಿಗೆ ಹಾಕ್ತೀನಿ."

"ರಾತ್ರಿ ಅತ್ತರೆ?"

"ಅವ್ಳು ಅಳಾಕೆ ಮುಂಚೇನೇ ಎದ್ದಿರ್ತೀನಿ," ಎಂದುಬಿಟ್ಟ ತಿಪ್ಪೇರುದ್ರಪ್ಪ. ಅವನಿಗೇ ಗೊತ್ತಿರದ ಒಬ್ಬ ದೊಡ್ಡ ಮನುಷ್ಯ ಅವನ ಬಾಯಿಂದ ಮಾತಾಡುತ್ತಿದ್ದ. "ಹೆಂಡ್ತಿಗೆ ಏನೂ ಕೆಲ್ಸ ಹೇಳಲ್ಲ ನಾನು. ಆಯಮ್ಮ ಆರಾಮಾಗಿ ಮಲಗಿರ್ತಾಳೆ. ಈಗ್ಲೂ ಮಲಗವ್ಳೆ."

ಕಡೆಯ ಮಾತೊಂದು ನಿಜವಾಗಿತ್ತು. ಅವನು ಮರೆತದ್ದು ಏನೆಂದರೆ, ಆ ದಿನ ಮೈಕಿನವರು ಶಾಲೆಯ ಮುಂದೊಂದು, ಬಸ್‌ಸ್ಟ್ಯಾಂಡಿನಲ್ಲೊಂದು ಕಟ್ಟಿದ ಹಾಗೆ ಅವನ ಬೀದಿಯ ತುದಿಯ ಬೇವಿನ ಮರಕ್ಕೂ ಒಂದು ಹಾರ್ನ್ ಕಟ್ಟಿದ್ದರು.

ಆರೋಗ್ಯದ ಬಹುಮಾನ ಪೋಸ್ಟ್ ಮಾಸ್ತರರ ಮಗನಿಗೆ ಹೋಯಿತು. ತಿಪ್ಪೇರುದ್ರಪ್ಪ, 'ಹೆಂಡತಿಗೆ ಏನು ಹೇಳಲಪ್ಪ' ಎಂದು ಯೋಚಿಸುತ್ತಿರುವಾಗಲೇ ಡಾಕ್ಟರಮ್ಮ ಮತ್ತೆ ಮೈಕು ಹಿಡಿದಳು. "ಇವತ್ತು ಒಂದು ವಿಶೇಷ ಬಹುಮಾನ ಕೊಡಬೇಕು ಅಂತ ನನಗೆ ಈಗಷ್ಟೇ ಅನ್ನಿಸಿತು. ಹೊಸದುರ್ಗದ ಆದರ್ಶ ತಂದೆ, ಶ್ರೀ ತಿಪ್ಪೇರುದ್ರಪ್ಪನವರು! ಮಗುವನ್ನು ಎತ್ತಿಕೊಂಡು ವೇದಿಕೆಗೆ ಬರಬೇಕು. ಬೇಗ, ಫೋಟೋದವರು ಹೋಗಬೇಕಂತೆ."

ತಿಪ್ಪೇರುದ್ರಪ್ಪ ಕೋಣೆಗೆ ಓಡಿದ. ಕಿಟಕಿಯ ಕೆಳಗೆ ಕೂಸಿತ್ತು. ಕಿಟಕಿಯ ಪಕ್ಕದಲ್ಲೂ ಇತ್ತು, ಎದುರಿಗೂ ಇತ್ತು. ಎಲ್ಲವೂ ಬಿಳಿ, ಎಲ್ಲವೂ ಗುಂಡು. ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ಕಣ್ಣಾಡಿಸಿದ. ಅಷ್ಟರಲ್ಲಿ ಒಂದು ಕೂಸು ಅವನನ್ನು ನೋಡಿ ಬಾಯಗಲಿಸಿ ನಕ್ಕು ಎರಡೂ ಕೈ ಚಾಚಿತು. 'ನನ್ನ ಕಂದ! ಹೆತ್ತ ಕರುಳು ಅಂದ್ರೆ ಹಿಂಗೆ' ಎಂದುಕೊಂಡು, ಕಣ್ಣು ತುಂಬಿ ಬಂದವನು ಅದನ್ನು ಬಾಚಿಕೊಂಡು ವೇದಿಕೆ ಹತ್ತಿದ.

ಹಾರ ಹಾಕಿದರು. ಒಂದು ಕೂಸಿಗೆ, ಒಂದು ಅವನಿಗೆ. ಪ್ಲಾಸ್ಟಿಕ್ ಬಕೆಟ್ಟು, ಟವಲು, ಸೋಪಿನ ಪೆಟ್ಟಿಗೆ ಕೊಟ್ಟರು. ಕೂಸು ಅವನ ಮೀಸೆಯನ್ನು ಹಿಡಿದೆಳೆದು ಕೇಕೆ ಹಾಕಿತು. "ನೋಡಿ, ಮಗು ತಂದೆಗೆ ಎಷ್ಟು ಹೊಂದಿಕೊಂಡಿದೆ!" ಎಂದಳು ಡಾಕ್ಟರಮ್ಮ. ಜನ ಚಪ್ಪಾಳೆ ತಟ್ಟಿದರು. ಫೋಟೋದವನ ದೀಪ ಫಳ್ಳೆಂದಿತು.

"ಊರಿನ ಗಂಡಸರೆಲ್ಲ ಇವರನ್ನು ನೋಡಿ ಕಲೀಬೇಕು," ಎಂದಳು ಡಾಕ್ಟರಮ್ಮ. "ತಿಪ್ಪೇರುದ್ರಪ್ಪನವರೇ, ನಾಳೆ ಬೆಳಿಗ್ಗೆ ಒಂದಷ್ಟು ತಂದೆಯರು ನಿಮ್ಮ ಮನೆಗೆ ಬಂದರೆ ಸ್ನಾನ ಮಾಡಿಸೋದು ತೋರಿಸಿಕೊಡ್ತೀರಾ?"

"ಬರ್ರಿ ಬರ್ರಿ, ಎಲ್ಲಾರೂ ಬರ್ರಿ," ಎಂದ ತಿಪ್ಪೇರುದ್ರಪ್ಪ, ಸಂತೆಯ ದಿನ ಅಂಗಡಿ ಮುಂದೆ ನಿಂತು ಕರೆಯುವ ದನಿಯಲ್ಲೇ.

ಹಾರ ತೆಗೆಯದೆ, ಬಕೆಟ್ಟು ಮೊಣಕೈಗೆ ನೇತುಹಾಕಿಕೊಂಡು, ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವನು ಪೇಟೆ ಬೀದಿಯಲ್ಲೇ ಬಂದ. ಅಡ್ಡದಾರಿ ಇತ್ತು, ಹಿಡಿಯಲಿಲ್ಲ.

ಮನೆಯ ಒಳಗೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಎಲ್ಲರ ಕಣ್ಣೂ ಅವನ ಕುತ್ತಿಗೆಯ ಹಾರದ ಮೇಲಿತ್ತು. ಮಲ್ಲಕ್ಕ ದಿಂಬಿಗೊರಗಿ ಕೂತಿದ್ದಳು.

"ಬಂದ್ರಾ, ಬರ್ರಿ. ನಾನು ಆರಾಮಾಗಿ ಮಲಗಿದೀನಿ," ಎಂದಳು.

ತಿಪ್ಪೇರುದ್ರಪ್ಪ ಬಾಗಿಲಲ್ಲೇ ತಿರುಗಿ ಬೀದಿಯ ತುದಿಯ ಬೇವಿನ ಮರದ ಕಡೆ ನೋಡಿದ. ಹಾರ್ನ್ ಅವನನ್ನೇ ನೋಡುತ್ತಿತ್ತು.

"ಅದು... ಬಹುಮಾನಕ್ಕೋಸ್ಕರ ಹೇಳಿದ್ದು ಕಣೇ..."

"ಲಂಗೋಟಿ ಬಿಸಿನೀರಾಗೆ ಅದ್ದಿ ಒಗೀತಾರಂತೆ," ಎಂದಳು ಕೊಟ್ರಮ್ಮ. "ಬಿಸಿನೀರು ಎಲ್ಲೈತೆ ಅಂತ ಗೊತ್ತೇನಪ್ಪ ನಿಂಗೆ?"

"ಕೊಡ್ರಿ ಇಲ್ಲಿ, ಕೂಸು ಒದ್ದೆ ಮಾಡ್ಕಂಡೈತೆ," ಎಂದು ಮಲ್ಲಕ್ಕ ಕೈ ಚಾಚಿದಳು. ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಕುಲಾವಿ ತೆಗೆದಳು. ಹುಬ್ಬು ಗಂಟಿಕ್ಕಿದಳು. ಲಂಗೋಟಿ ಬಿಚ್ಚಿದಳು. ಆಮೇಲೆ ಬೇವಿನ ಮರದ ಹಾರ್ನ್‌ಗೂ ನಾಚಿಕೆಯಾಗುವಂಥ ದನಿಯಲ್ಲಿ ಕೂಗಿದಳು:

"ಇದು ಗಂಡು!"

"ಸರಿಯಾಗಿ ನೋಡು," ಎಂದ ತಿಪ್ಪೇರುದ್ರಪ್ಪ.

"ಇದ್ರಾಗೆ ಸರಿಯಾಗಿ ನೋಡಾದೇನೈತ್ರೀ!"

ಜಗುಲಿಯಿಂದ ಬಂದ ಪರಮೇಶ್ವರಪ್ಪ ಕನ್ನಡಕ ಏರಿಸಿ, ಬಗ್ಗಿ ಪರಿಶೀಲಿಸಿ, "ಗಂಡೇ. ಅನುಮಾನ ಇಲ್ಲ," ಎಂದು ತೀರ್ಪು ಕೊಟ್ಟ.

"ನನ್ ಮಗಳೆಲ್ಲಿ?" ಮಲ್ಲಕ್ಕನ ದನಿ ಒಡೆಯಿತು. "ಕಂಬ್ಳಿ ಮುಟ್ಟಿ ಯಾವೂರ್ದು ಅಂತ ಹೇಳ್ತೀರಿ, ಹೊಟ್ಟೇಲಿ ಹುಟ್ಟಿದ ಮಗಳು ಯಾರು ಅಂತ ಗೊತ್ತಾಗಲಿಲ್ವಾ?"

ತಿಪ್ಪೇರುದ್ರಪ್ಪ ಮಂಚದ ಕಡೆ ಬಗ್ಗಿದ. ಕೂಸನ್ನು ಕಸಿದುಕೊಂಡು ಓಡಿದ. ಚಪ್ಪಲಿ ಮೆಟ್ಟಲಿಲ್ಲ, ಹಾರ ಕುತ್ತಿಗೆಯಲ್ಲೇ ಇತ್ತು.

ಶಾಲೆಯಲ್ಲಿ ಯಾರೂ ಇರಲಿಲ್ಲ. ಜವಾನ ಸಣ್ಣತಿಮ್ಮಪ್ಪ ಜಮಖಾನ ಸುತ್ತುತ್ತಿದ್ದ. ಬೆಳಿಗ್ಗೆ ಅಷ್ಟು ಕೂಸುಗಳಿದ್ದ ಕೋಣೆ ಈಗ ಬರಿದಾಗಿ ಗುಂಯ್ ಎನ್ನುತ್ತಿತ್ತು.

"ಇಲ್ಲೊಂದು ಕೂಸಿತ್ತಾ? ಹೆಣ್ಣು ಕೂಸು?"

"ಎಲ್ಲಾ ಎತ್ಕಂಡು ಹೋದ್ರಲ್ಲಣ್ಣ. ಹೆಂಗಿತ್ತು?"

"ದುಂಡುಮುಖ..."

"ಎಲ್ಲಾವೂ ದುಂಡುಮುಖವೇ ಅಲ್ವಾ. ಕೂದ್ಲು? ಹಲ್ಲು ಬಂದೈತಾ? ಮಚ್ಚೆ ಗಿಚ್ಚೆ?"

ತಿಪ್ಪೇರುದ್ರಪ್ಪ ತೋಳಲ್ಲಿದ್ದ ಕೂಸಿನ ಬಾಯಿ ನೋಡಿದ. ಗಂಗಿಗೆ ಹಲ್ಲು ಬಂದಿದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಮಗಳ ಮುಖ ನೆನಪಿಸಿಕೊಳ್ಳಲು ನೋಡಿದ. ಕಂಬಳಿಯ ಉಬ್ಬು ಬಂತು, ಮುಖ ಬರಲಿಲ್ಲ. ಗೋಡೆ ಹಿಡಿದುಕೊಂಡು ನಿಂತವನ ಕಣ್ಣಿಂದ ದಳದಳ ನೀರು ಇಳಿಯಿತು. ತೋಳಲ್ಲಿದ್ದ ಕೂಸು ಕುತೂಹಲದಿಂದ ಒಂದು ಬೆರಳು ಚಾಚಿ ಆ ನೀರನ್ನು ಮುಟ್ಟಿ, ಬಾಯಿಗಿಟ್ಟುಕೊಂಡು ರುಚಿ ನೋಡಿತು.

"ಬಸ್‌ಸ್ಟ್ಯಾಂಡ್ ಹತ್ರ ನೋಡಣ್ಣ, ಹಳ್ಳಿಯವ್ರೆಲ್ಲ ಅಲ್ಲೇ ಇರ್ತಾರೆ," ಎಂದ ಸಣ್ಣತಿಮ್ಮಪ್ಪ.

ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಆಗಲೇ ಹೊರಟು ಹೊಗೆ ಬಿಡುತ್ತಿತ್ತು. ತಿಪ್ಪೇರುದ್ರಪ್ಪ ಹಾರ ಹಾಕಿಕೊಂಡವನೇ ಅದರ ಮುಂದೆ ಕೈ ಅಡ್ಡ ಹಿಡಿದು ನಿಂತ. ಡ್ರೈವರು ಕೆಟ್ಟದಾಗಿ ಬೈದು ಬ್ರೇಕು ಒತ್ತಿದ. ತಿಪ್ಪೇರುದ್ರಪ್ಪ ಒಳಗೆ ಹತ್ತಿ, ಒಬ್ಬೊಬ್ಬ ಹೆಂಗಸಿನ ಮುಂದೆಯೂ ನಿಂತು ಕೂಸಿನ ಕುಲಾವಿ ಎತ್ತಿ ನೋಡತೊಡಗಿದ.

"ಏಯ್, ಏನಯ್ಯ ಅದು!" ಎಂದು ಕಂಡಕ್ಟರು ಕಾಲರಿಗೆ ಕೈ ಹಾಕಿದ. ಆಮೇಲೆ ಮುಖ ನೋಡಿ, "ಅರೆ, ಆದರ್ಶ ತಂದೆಯವ್ರು!" ಎಂದು ಕೈ ಬಿಟ್ಟ. "ಮೈಕಿನಾಗೆ ಕೇಳಿದ್ವಿ ಸ್ವಾಮಿ. ನಮ್ಮನೆಯವ್ಳು ಕೇಳ್ದೇ ಇರ್ಲಪ್ಪ ಅಂತ ಬೇಡ್ಕಂಡೆ."

"ನನ್ ಕೂಸು ಬದ್ಲಾಗೈತಪ್ಪ. ಇದು ನಂದಲ್ಲ," ಎಂದ ತಿಪ್ಪೇರುದ್ರಪ್ಪ ಅಳುತ್ತಲೇ.

ಕಂಡಕ್ಟರು ಒಮ್ಮೆ ಹಾರ ನೋಡಿದ, ಒಮ್ಮೆ ಕೂಸು ನೋಡಿದ. ಆಮೇಲೆ ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಅದು ಸೀಟಿನಿಂದ ಸೀಟಿಗೆ ದಾಟಿ ಡ್ರೈವರ್‌ವರೆಗೆ ಹೋಯಿತು. ಇಡೀ ಬಸ್ಸು ಅಲುಗಾಡುವಂತೆ ನಕ್ಕಿತು. ಒಬ್ಬ ಮುದುಕಿ ಮಾತ್ರ ಅವನ ಕೈ ಹಿಡಿದು, "ಅಳಬ್ಯಾಡಪ್ಪ. ಮತ್ತೋಡಿನ ಹೆಣ್ಮಗಳೊಬ್ಬಳು ಕೂಸು ಎತ್ಕಂಡು, ಆದರ್ಶ ತಂದೆ ಮನೆ ಎಲ್ಲೈತೆ ಅಂತ ಆವಾಗ್ಲಿಂದ ಕೇಳ್ಕಂಡು ಓಡಾಡ್ತಿದ್ಲು. ಮನೀಗೆ ಹೋಗು," ಎಂದಳು.

ಅವನು ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಬಾಗಿಲಲ್ಲಿ ನಿಂತು ನೋಡಿದರೆ, ಮಲ್ಲಕ್ಕನ ಮಂಚದ ಮೇಲೆ ನಿಂಗಕ್ಕ ಕಾಲು ಮಡಿಸಿ ಕೂತು ಮಂಡಕ್ಕಿ ತಿನ್ನುತ್ತಿದ್ದಾಳೆ. ಮಲ್ಲಕ್ಕನ ಮಡಿಲಲ್ಲಿ ಗಂಗಿ.

"ಓ, ಬಂತು ನೋಡು ಸವಾರಿ!" ಎಂದು ನಿಂಗಕ್ಕ ಎದ್ದು ಬಂದು ಜಂಬಣ್ಣನನ್ನು ತೆಗೆದುಕೊಂಡಳು. "ಏನ್ಲಾ, ಊರೆಲ್ಲ ತಿರುಗಿ ಬಂದ್ಯಾ?"

"ನೀನು... ಆವಾಗ್ಲೇ ಯಾಕೆ ಹೇಳ್ಲಿಲ್ಲ ತಾಯಿ?"

"ಹೇಳಾಕೆ ಎಲ್ಲಿ ಬಿಟ್ರಣ್ಣ? ಸಂತೆಯಿಂದ ಬಂದು ನೋಡ್ತೀನಿ, ಕೋಣ್ಯಾಗೆ ನನ್ ಮಗ ಇಲ್ಲ. ನಿನ್ ಮಗಳು ಅಳ್ತಾ ಕುಂತವ್ಳೆ. ಆಚೆ ಬಂದು ನೋಡಿದ್ರೆ ನನ್ ಮಗ ಹಾರ ಹಾಕ್ಕಂಡು ವೇದಿಕೆ ಮ್ಯಾಲೆ ನಿನ್ ಮೀಸೆ ಎಳೀತಾವ್ನೆ! ಮುಂದಕ್ಕೆ ಹೋದೆ. ಆ ಮಹಿಳಾ ಸಮಾಜದ ಬ್ಯಾಡ್ಜಿನೋರು, ಕುಂತ್ಕ ಕುಂತ್ಕ ಅಂತ ಕುಂದ್ರಿಸಿದ್ರು. ಸರಿ ಬಿಡು, ಫೋಟೋ ತೆಗೀಲಿ ಅಂತ ನಾನೂ ಸುಮ್ಕಾದೆ. ನಮ್ ಮನ್ಯಾಗೆ ಯಾರ್ದೂ ಫೋಟೋ ಇಲ್ಲಣ್ಣ. ಅದು ಮುಗೀತಲೂ ನೀನು ಬಕೆಟ್ಟು ತಗಂಡು ಬಿರಬಿರನೆ ಹೊಂಟೋದೆ. ನಿನ್ ಮಗಳ ಅಳು ನಿಲ್ಸಿ, ದಾರಿ ಕೇಳ್ಕಂಡು ಕೇಳ್ಕಂಡು ಬಂದೆ."

"ದಾರೀಲಿ ಎಲ್ಲಾರಿಗೂ ಹೇಳಿದ್ಯಾ?"

"ಹೇಳ್ದೆ ದಾರಿ ಹೆಂಗೆ ಗೊತ್ತಾಗ್ತೈತಣ್ಣ?"

ತಿಪ್ಪೇರುದ್ರಪ್ಪನಿಗೆ ಊರು ನಗುವುದರ ಚಿಂತೆ ಆ ಹೊತ್ತಿಗೆ ಹತ್ತಲಿಲ್ಲ. ಮಂಚದ ಹತ್ತಿರ ಮಂಡಿಯೂರಿ ಕೂತು ಮಗಳ ಮುಖ ನೋಡಿದ. ಎಡಗಡೆಯ ಕೆನ್ನೆಯಲ್ಲಿ ಗುಳಿ. ಕೆಳಗೆ ಎರಡು ಹಲ್ಲು, ಅಕ್ಕಿ ಕಾಳಿನಷ್ಟು. ಹುಬ್ಬು ಥೇಟ್ ತನ್ನದೇ. ಎತ್ತಿಕೊಳ್ಳಲು ಹೋದ. ಗಂಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗುರುತಿಲ್ಲದವರ ಮುಂದೆ ಅಳುವ ಹಾಗೆ ಅತ್ತಳು. ಮಲ್ಲಕ್ಕ ಬೈಯಬೇಕೆಂದಿದ್ದವಳು ಅವನ ಮುಖ ನೋಡಿ ಸೆರಗಿನ ತುದಿಯಿಂದ ಮಗಳ ಕಣ್ಣೊರೆಸಿದಳು.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಡಾಕ್ಟರಮ್ಮ, ಹಿಂದೆ ಸೀರೆ ಬದಲಾಯಿಸಿಕೊಂಡ ಚಂದ್ರಕ್ಕ. ಸುದ್ದಿ ಆಸ್ಪತ್ರೆ ತಲುಪಿತ್ತು.

ತಿಪ್ಪೇರುದ್ರಪ್ಪ ಕುತ್ತಿಗೆಯ ಹಾರ ತೆಗೆದು, ಬಕೆಟ್ಟಿನಲ್ಲಿ ಟವಲು, ಸೋಪು ಎಲ್ಲ ಹಾಕಿ ಡಾಕ್ಟರಮ್ಮನ ಮುಂದಿಟ್ಟು ಕೈಮುಗಿದ. "ತಪ್ಪಾತು ತಾಯಿ. ಎಲ್ಲಾ ಸುಳ್ಳು. ನಾನು ಒಂದು ದಿನಾನೂ ಕೂಸಿಗೆ ಎರೆದವನಲ್ಲ. ಇದನ್ನ ವಾಪಸ್ ತಗಳ್ರಿ."

ಡಾಕ್ಟರಮ್ಮ ನಗು ತಡೆದುಕೊಂಡಿದ್ದು ಎಲ್ಲರಿಗೂ ಕಾಣುತ್ತಿತ್ತು. "ಬಕೆಟ್ ವಾಪಸ್ ತಗೋಬಹುದು, ಮೈಕಲ್ಲಿ ಆಡಿದ ಮಾತನ್ನ ಹೇಗೆ ತಗೊಳ್ಳಲಿ? ನಾಳೆ ಬೆಳಿಗ್ಗೆ ಬರ್ತೀವಿ ಅಂತ ಊರಿನ ಅರ್ಧ ಗಂಡಸರ ಹೆಸರು ಕೊಟ್ಟಿದ್ದಾರೆ. ಕೊಟ್ಟಿರೋದು ಅವರ ಹೆಂಡತಿಯರು."

"ಹಂಗಾದ್ರೆ ಬದ್ಲಾದ ಕೂಸಿನ ವಿಷಯ ಹೇಳಿಬಿಡ್ರಿ. ಯಾರೂ ಬರಲ್ಲ."

"ಹೇಳಿದೆ. ಕೇಳಿದ ಮೇಲೆ ಇನ್ನೂ ಜಾಸ್ತಿ ಜನ ಬರ್ತಾರಂತೆ. ಹೊಳಲ್ಕೆರೆ ಡಾಕ್ಟರಿಗೂ ಫೋನ್ ಮಾಡಿದ್ದೆ. ಮುಂದಿನ ಭಾನುವಾರ ಅಲ್ಲೂ ಸ್ಪರ್ಧೆ. ಮಗು ಬದಲಾಗದ ಹಾಗೆ ನೋಡಿಕೊಳ್ಳೋದು ಹೇಗೆ ಅಂತ ಮಾತಾಡೋಕೆ ನಿಮ್ಮನ್ನೇ ಕಳಿಸಬೇಕಂತೆ. ಒಪ್ಪಿಕೊಂಡಿದ್ದೀನಿ."

ಪರಮೇಶ್ವರಪ್ಪ ಮೆಲ್ಲಗೆ ಹೊರಗೆ ಜಾರುತ್ತಿದ್ದ. ಕೊಟ್ರಮ್ಮ ಅವನಿಗೆ ಅಡ್ಡ ನಿಂತು, ತಿಪ್ಪೇರುದ್ರಪ್ಪನಿಗೆ ಹೇಳಿದಳು: "ನಾಳೆ ತೋರಿಸ್ಬೇಕಂದ್ರೆ ಇವತ್ತು ಕಲೀಬೇಕಲ್ಲಪ್ಪ. ಬೆಳಿಗ್ಗೆ ಕೂಸಿಗೆ ಎರೆದೂ ಇಲ್ಲ. ನಡಿ ಬಚ್ಚಲಿಗೆ. ಪಂಚೆ ಎತ್ತಿ ಕಟ್ಟು."

ಬಿಸಿಲು ಇಳಿಯುವ ಹೊತ್ತಿಗೆ ತಿಪ್ಪೇರುದ್ರಪ್ಪ ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ಮೊಣಕಾಲಿನ ಮೇಲೆ ಗಂಗಿ. ಬಾಗಿಲ ತುಂಬ ಹೆಂಗಸರು, ಪ್ರತಿಯೊಬ್ಬರೂ ಒಂದೊಂದು ಹೇಳುವವರೇ. "ನೀರು ಮೊದ್ಲು ನಿನ್ ಕೈಗೆ ಹಾಕಿ ನೋಡ್ಕ." "ಕಿವಿ ಮುಚ್ಚು." "ಆ ಕಿವಿ ಅಲ್ಲ, ಕೂಸಿನ ಕಿವಿ!" ಡಾಕ್ಟರಮ್ಮ ಮಲ್ಲಕ್ಕನ ಕಾಲಿಗೆ ಬಟ್ಟೆ ಸುತ್ತಿ, ಅವಳ ಮಂಚವನ್ನು ಬಚ್ಚಲು ಕಾಣುವಲ್ಲಿಗೆ ಎಳೆಸಿದ್ದಳು. ಸೋಪಿನ ನೊರೆ ಗಂಗಿಗಿಂತ ತಿಪ್ಪೇರುದ್ರಪ್ಪನ ಮೀಸೆಗೇ ಹೆಚ್ಚು ಹತ್ತಿತ್ತು. ಬಿಳಿ ಮೀಸೆಯ ಆ ಮುಖವನ್ನು ಗಂಗಿ ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿದಳು. ಆಮೇಲೆ ಆ ಎರಡು ಅಕ್ಕಿ ಕಾಳು ತೋರಿಸಿ ನಕ್ಕಳು. ತಿಪ್ಪೇರುದ್ರಪ್ಪನ ಕೈಯಿಂದ ತಂಬಿಗೆ ಜಾರಿತು.

"ಬಸ್ಸಿಗಿನ್ನೂ ಹೊತ್ತೈತೆ," ಎಂದು ನಿಂಗಕ್ಕ ಜಂಬಣ್ಣನ ಜುಬ್ಬ ಬಿಚ್ಚಿದಳು. "ಇವ್ನಿಗೂ ಎರೆದ್ಬಿಡಣ್ಣ. ಎಲ್ಡನ್ನೂ ಒಟ್ಟಿಗೆ ನೋಡಿದ್ರೆ ಯಾವ್ದು ಯಾವ್ದು ಅಂತ ಗುರುತು ಸಿಗ್ತೈತೆ."

ಇದನ್ನು ಕೇಳಿದ್ದೇ ಬೀದಿಯ ಇನ್ನೂ ನಾಲ್ಕು ಹೆಂಗಸರು ತಂತಮ್ಮ ಮನೆಗೆ ಓಡಿದರು. ಏಕೆ ಓಡಿದರೆಂದು ತಿಪ್ಪೇರುದ್ರಪ್ಪನಿಗೆ ಅರ್ಥವಾಗುವಷ್ಟರಲ್ಲಿ ಒಬ್ಬಳು ಅವಳಿ ಮಕ್ಕಳನ್ನು ಎತ್ತಿಕೊಂಡು ವಾಪಸ್ಸು ಬಂದೇ ಬಿಟ್ಟಳು.

ಅದೇ ಹೊತ್ತಿಗೆ ಹೆಂಡತಿಯನ್ನು ಹುಡುಕಿಕೊಂಡು ಓಬಣ್ಣ ಬಂದ. ಆರಡಿ ಆಳು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬಚ್ಚಲ ಬಾಗಿಲಲ್ಲಿ ಬಗ್ಗಿ ನೋಡಿದ. ನೊರೆ ಮೀಸೆಯ ಗಂಡಸು, ಅವನ ಸುತ್ತ ಬತ್ತಲೆ ಕೂಸುಗಳ ಸಾಲು. ಓಬಣ್ಣ ಜೋರಾಗಿ ನಕ್ಕ.

"ಇದ್ಯಾಕಣ್ಣ ಇಂಥ ಕೆಲ್ಸ? ನಿಮ್ ಮನ್ಯಾಗೆ ಹೆಂಗಸ್ರು ಇಲ್ವೇನು?"

ಅಲ್ಲಿದ್ದ ಹೆಂಗಸರೆಲ್ಲರೂ, ಕಡೆಯಲ್ಲಿ ಡಾಕ್ಟರಮ್ಮನೂ, ಒಟ್ಟಿಗೆ ಓಬಣ್ಣನ ಕಡೆ ತಿರುಗಿದರು. ನಿಂಗಕ್ಕ ಅವನ ಕೈಯ ಕೋಲನ್ನು ತೆಗೆದು ಗೋಡೆಗೊರಗಿಸಿದಳು.

ತಿಪ್ಪೇರುದ್ರಪ್ಪ ಕಲ್ಲಿನ ಮೇಲೆ ಒಂದು ಕಡೆಗೆ ಸರಿದು ಜಾಗ ಮಾಡಿದ. ಬೆಳಿಗ್ಗೆಯಿಂದ ಅವನು ಯಾರ ಬರವನ್ನೂ ಇಷ್ಟು ಸಂತೋಷದಿಂದ ಕಂಡಿರಲಿಲ್ಲ.

"ಬಾರಣ್ಣ," ಎಂದ. "ಕಾಲು ಚಾಚ್ಕಂಡು ಕುಂತ್ಕ."